ಹನ್ನೊಂದನೆಯ ಭರಣಿ

"ಇದು ದುರ್ಗಪ್ಪನ ಮಿದುಳಲ್ಲ."

ಡಾಕ್ಟರ್ ಪಾಂಡುರಂಗರಾಯರು ಗಾಜಿನ ಭರಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದೇ ಹೇಳಿದರು. ಅದನ್ನು ಮೆಲ್ಲಗೆ ತಿರುಗಿಸಿದರು. ಒಳಗಿನ ಹಳದಿ ನೀರು ತುಳುಕಿ, ಬೂದು ಬಣ್ಣದ ಮುದ್ದೆಯೊಂದು ಗಾಜಿಗೆ ಬಂದು ತಾಗಿ ಹಿಂದೆ ಸರಿಯಿತು.

ಬಾಗಿಲಿಗೆ ಒರಗಿ ನಿಂತಿದ್ದ ಫೌಜದಾರ ಜಟ್ಟೆಪ್ಪ ಮೇತ್ರಿ ನೆಟ್ಟಗಾದ. ಫಾರ್ಮಲಿನ್ ವಾಸನೆಗೆ ಅವನ ಕಣ್ಣು ಉರಿಯುತ್ತಿದ್ದವು.

"ಹ್ಯಾಂಗ ಹೇಳತೀರಿ?"

"ದುರ್ಗಪ್ಪಗ ಮೂವತ್ತೆಂಟು ವರ್ಷ. ಇಲ್ಲೆ ನೋಡ್ರಿ, ಈ ಗೆರಿ ಎಲ್ಲಾ ಅಗಲ ಆಗ್ಯಾವ. ಮಿದುಳು ಕುಗ್ಗೇದ. ಇದು ಎಪ್ಪತ್ತು ದಾಟಿದವರದು. ಮುದುಕರ ಕೈ ನೋಡಿ ನೀವು ವಯಸ್ಸು ಹೇಳೂದಿಲ್ಲೇನು? ಹಂಗ ಇದು."

ಮಲಪ್ರಭೆಯ ಬಂಡೆಗಳ ನಡುವೆ ಡಾಕ್ಟರ್ ತ್ರ್ಯಂಬಕ ತೊರಗಲ್ಲರ ಹೆಣ ಸಿಕ್ಕಿದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಇವತ್ತು ಶನಿವಾರ. ಕಾಲು ಜಾರಿ ಬಿದ್ದ ಸಾವೆಂದು ಊರು ನಂಬಿತ್ತು, ಜಟ್ಟೆಪ್ಪನೂ ನಂಬಿದ್ದ. ಆದರೆ ಗುರುವಾರ ಅವರ ಮಹಡಿಯ ಕೊಠಡಿಯ ಕೀಲಿ ಯಾರೋ ಮುರಿದಿದ್ದು ಕಂಡ ಮೇಲೆ ಅವನಿಗೆ ನಿದ್ದೆ ಇರಲಿಲ್ಲ.

ಆ ಕೊಠಡಿಯಲ್ಲೇ ಈಗ ಇಬ್ಬರೂ ನಿಂತಿದ್ದರು. ಕಪಾಟಿನಲ್ಲಿ ಸಾಲಾಗಿ ಹನ್ನೆರಡು ಭರಣಿಗಳು. ರಾಮದುರ್ಗದ ಸುತ್ತಲಿನ ಊರುಗಳಲ್ಲಿ ತೀರಿಕೊಂಡ ಹನ್ನೆರಡು ಮಂದಿಯ ಮೆದುಳು ಮತ್ತು ಬೆನ್ನುಹುರಿ. ಕೆಲವರು ಕಾಲು ಸೆಟೆದು ನಡಿಗೆ ಕೆಡಿಸುವ ಕಾಲುಬೇನೆ ಇದ್ದವರು, ಕೆಲವರು ಇಲ್ಲದವರು. ಒಬ್ಬರದರ ಜೊತೆ ಇನ್ನೊಬ್ಬರದನ್ನು ಹೋಲಿಸಿ ನೋಡಲು ತ್ರ್ಯಂಬಕರು ಅವರ ಮನೆಯವರ ಕೈಕಾಲು ಹಿಡಿದು ಕೂಡಿಸಿದ್ದು.

ಅದಕ್ಕೆ ಬೆಂಬಲವಾಗಿ ನಿಂತದ್ದು ರಾಷ್ಟ್ರೀಯ ಮೆದುಳು ಮತ್ತು ನರ ಸಂಶೋಧನ ಸಂಘ. ಪಾಂಡುರಂಗರಾಯರು ಆ ಸಂಘದ ಸಹಕಾರ್ಯದರ್ಶಿ. ಮೂಲ ಧಾರವಾಡದವರು, ಈಗ ಮುಂಬಯಿವಾಸಿ. ಇದೇ ತಿಂಗಳ ಹದಿನೇಳಕ್ಕೆ ದಿಲ್ಲಿಯಲ್ಲಿ ಸಂಘದ ವಾರ್ಷಿಕ ಸಭೆ. ಅಲ್ಲಿ ತ್ರ್ಯಂಬಕರ ಪ್ರಬಂಧ ಓದಬೇಕು, ಭರಣಿಗಳನ್ನು ತೋರಿಸಬೇಕು. ಅದಕ್ಕಾಗಿ ಎಲ್ಲವನ್ನೂ ವಶಕ್ಕೆ ತೆಗೆದುಕೊಳ್ಳಲು ಬಂದಿದ್ದೇನೆಂದು ಬೆಳಿಗ್ಗೆ ಠಾಣೆಗೆ ಬಂದು ಹೇಳಿದ್ದರು.

"ಒಳಗೊಂದು ಚೀಟಿ ಐತಲ್ಲ, ಅದೇನು?" ಜಟ್ಟೆಪ್ಪ ಕೇಳಿದ.

ಮುದ್ದೆಗೆ ದಾರದಿಂದ ಕಟ್ಟಿದ ಬಟ್ಟೆಯ ಪಟ್ಟಿಯೊಂದು ನೀರಿನಲ್ಲಿ ಅಲುಗುತ್ತಿತ್ತು. ಅದರ ಮೇಲಿದ್ದ ಬರಹ ಕದಡಿ ನೀಲಿ ಕಲೆಯಾಗಿತ್ತು.

ಪಾಂಡುರಂಗರಾಯರು ಕನ್ನಡಕ ಸರಿಪಡಿಸಿಕೊಂಡು ಬಾಗಿದರು. ಅವರ ಹುಬ್ಬು ಗಂಟಿಕ್ಕಿತು.

"ಹೊರಗಿನ ಚೀಟಿ ಹರೀಬಹುದು ಅಂತ ಒಳಗೊಂದು ಕಟ್ಟತೀವಿ. ಆದರ ಪೆನ್ಸಿಲ್ಲಿಂದ ಬರೀಬೇಕು. ಮಸಿ ಈ ನೀರಿನ್ಯಾಗ ನಿಲ್ಲೂದಿಲ್ಲ. ಇದನ್ನ ಕಾಲೇಜಿನ ಮೊದಲನೇ ವರ್ಷದಾಗ ಕಲಸ್ತಾರ."

"ಅಂದ್ರ ಇದನ್ನ ಬರದಾಂವ ಡಾಕ್ಟರ್ ಅಲ್ಲ."

"ಅಲ್ಲ ಅಂತನ ತಿಳಕೋಬೇಕು."

ಉಳಿದ ಹನ್ನೊಂದು ಭರಣಿಗಳನ್ನೂ ಜಟ್ಟೆಪ್ಪ ಒಂದೊಂದಾಗಿ ನೋಡಿದ. ಎಲ್ಲದರಲ್ಲೂ ಪೆನ್ಸಿಲ್ ಬರಹ ನಿಚ್ಚಳವಾಗಿತ್ತು. ಕೆಟ್ಟದ್ದು ಇದೊಂದೇ. ಹನ್ನೊಂದನೆಯದು. ಸಾಲಹಳ್ಳಿಯ ದುರ್ಗಪ್ಪನದು.

ಭರಣಿಯನ್ನು ಕಪಾಟಿಗಿಡಲು ರಾಯರು ತಮ್ಮ ಚರ್ಮದ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಚೀಲದ ತಳದ ಹೊಲಿಗೆಯಲ್ಲಿ ಹಳದಿ ಪುಡಿ ಮೆತ್ತಿದ್ದು ಜಟ್ಟೆಪ್ಪನ ಕಣ್ಣಿಗೆ ಬಿತ್ತು.

ಭಂಡಾರ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಬಟ್ಟೆಯಿಂದ ವಾರಗಟ್ಟಲೆ ಬಿಡದ ಅರಿಷಿಣ. ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಆ ಹಾದಿಯ ಬಸ್ಸುಗಳ ಸೀಟು, ನೆಲ, ಕಿಟಕಿ ಎಲ್ಲ ಈಗ ಇದೇ ಬಣ್ಣ.

"ನೀವು ಯಾವ ಹಾದೀಲೆ ಬಂದ್ರಿ, ಡಾಕ್ಟರ್?"

"ಬೆಳಗಾವಿ ತನಕ ರೈಲು. ಅಲ್ಲಿಂದ ಬೈಲಹೊಂಗಲ, ಯರಗಟ್ಟಿ ಮ್ಯಾಲಿಂದ ಬಸ್ಸು. ಯಾಕ?"

"ಸವದತ್ತಿ ಕಡೆ ಹೋಗಿರಲಿಲ್ಲ?"

"ಇಲ್ಲಲ್ಲಾ."

ಉತ್ತರ ಪ್ರಶ್ನೆಯ ಬೆನ್ನಿಗೇ ಬಂದಿತ್ತು. ಜಟ್ಟೆಪ್ಪ ಕೆಳಗಿಳಿದು, ಅಂಗಳದಲ್ಲಿ ಕಾಯುತ್ತಿದ್ದ ಹವಾಲ್ದಾರ ಲಕ್ಕಪ್ಪನನ್ನು ಮೂಲೆಗೆ ಕರೆದ.

"ಸವದತ್ತಿ ಪ್ರವಾಸಿ ಬಂಗಲೆಗೆ ಫೋನ್ ಹಚ್ಚು. ಈ ವಾರದಾಗ ಯಾರ್ಯಾರು ಇಳದಿದ್ರು ಅಂತ ಪುಸ್ತಕ ನೋಡಿ ಹೇಳಾಕ ಹೇಳು. ನಾ ಸಾಲಹಳ್ಳಿಗೆ ಹೋಗಿ ಬರತೇನಿ. ಆ ಡಾಕ್ಟರ್ ಮ್ಯಾಲ ಒಂದು ಕಣ್ಣಿರಲಿ."

ತ್ರ್ಯಂಬಕರ ಅಕ್ಕ ಮಥುರಾಬಾಯಿ ಪಡಸಾಲೆಯ ಕಂಬದ ಮರೆಯಲ್ಲಿ ನಿಂತಿದ್ದರು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷದಿಂದ ಈ ಮನೆಯನ್ನೂ ತಮ್ಮನನ್ನೂ ನೋಡಿಕೊಂಡಿದ್ದ ಹೆಂಗಸು. "ಹೊಂಟ್ರೇನು?" ಎಂದಷ್ಟೇ ಕೇಳಿದರು.

"ಬರತೇನ್ರಿ ಬಾಯಾರ, ಸಂಜಿಮುಂದ."

* * *

ಸಾಲಹಳ್ಳಿಯ ಕೇರಿಗೆ ಜೀಪು ಹೊಕ್ಕಾಗ ಬಿಸಿಲು ನೆತ್ತಿಗೇರಿತ್ತು. ದಾರಿಯಲ್ಲಿ ಇಬ್ಬರು ಗಂಡಸರು ಎದುರಾದರು. ಇಬ್ಬರ ಕೈಯಲ್ಲೂ ಕೋಲು. ಮೊಣಕಾಲು ಮಡಚದೆ, ತುದಿಬೆರಳಿನ ಮೇಲೆ, ಒಂದು ಕಾಲಿಗೆ ಇನ್ನೊಂದು ಅಡ್ಡ ಬರುವಂತೆ ನಡೆಯುತ್ತಿದ್ದರು. ಇಬ್ಬರಿಗೂ ಮೂವತ್ತು ದಾಟಿರಲಿಕ್ಕಿಲ್ಲ. ನಾಲ್ಕು ವರ್ಷದ ಹಿಂದೆ ಇವರೆಲ್ಲ ಕಾಲುವೆ ತೋಡಲು ಹೋಗುತ್ತಿದ್ದವರು.

ದುರ್ಗಪ್ಪನ ಹೆಂಡತಿ ಸುಂದರವ್ವ ಅಂಗಳದಲ್ಲಿ ಕುಳಿತು ಜೋಳ ಕೇರುತ್ತಿದ್ದಳು. ಪೊಲೀಸರನ್ನು ಕಂಡು ಎದ್ದಳು, ಹೆದರಲಿಲ್ಲ.

"ಬರ್ರಿ ಸಾಹೇಬ್ರ. ಕುಂಡ್ರಿ. ನಾನ ಠಾಣೆಕ ಬರಬೇಕು ಅಂತಿದ್ದೆ."

"ಯಾಕವ್ವಾ?"

"ಕೇಳೂದೊಂದೈತ್ರಿ. ನಮ್ಮ ಡಾಕ್ಟರ್ ಬರದದ್ದು ದಿಲ್ಲಿಗೆ ಮುಟ್ಟತೈತೋ ಇಲ್ಲೋ? ಅವರಂತೂ ಹೋದ್ರು. ಅವರು ಬರದದ್ದೂ ಹೋತೇನು?"

"ಅದನ್ನ ಹುಡುಕಾಕ ಹತ್ತೇನಿ. ನಿನಗ ಅದರಿಂದ ಏನಾಗಬೇಕು?"

ಸುಂದರವ್ವ ಒಳಗೆ ತಿರುಗಿ ಕೂಗಿದಳು. "ಚನ್ನವ್ವಾ, ಆ ಪುಸ್ತಕ ತಾ."

ಹದಿನೇಳರ ಹುಡುಗಿಯೊಬ್ಬಳು ತೆಳುವಾದ ಪುಸ್ತಿಕೆಯೊಂದನ್ನು ತಂದುಕೊಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

"ಈಕಿನ್ನ ಸವದತ್ತಿ ಕಡ್ಯಾವರು ನೋಡಿ ಒಪ್ಪಿದ್ರು. ಸೀರಿ ಉಡಿಸಿ ಹೋಗಿದ್ರು. ಅವರ ಊರಾಗ ಯಾರೋ ಮಾಸ್ತರ ಈ ಪುಸ್ತಕ ಓದಿ ಹೇಳ್ಯಾನ, ಸಾಲಹಳ್ಳಿ ಕೇರಿ ಮಂದಿ ರಕ್ತದಾಗ ದೋಷ ಐತಿ, ಆ ಮನಿ ಹೆಣ್ಣ ತಂದ್ರ ಹುಟ್ಟಿದ ಮಕ್ಕಳೂ ಕುಂಟತಾವು ಅಂತ. ಮುಗೀತು. ಈಕಿ ಒಬ್ಬಾಕಿ ಅಲ್ರಿ, ಎರಡು ವರ್ಷ ಆತು, ಈ ಕೇರ್ಯಾಗ ಒಂದು ಲಗ್ನ ಆಗಿಲ್ಲ."

ಜಟ್ಟೆಪ್ಪ ಪುಟ ತಿರುವಿದ. ಸಂಘವೇ ಅಚ್ಚು ಮಾಡಿಸಿದ ಇಂಗ್ಲಿಷ್ ವರದಿ. ಈ ಸಮುದಾಯದವರು ತಮ್ಮ ತಮ್ಮಲ್ಲೇ ಮದುವೆಯಾಗುತ್ತ ಬಂದಿರುವುದರಿಂದ, ಕಾಲುಬೇನೆಯು ರಕ್ತದಲ್ಲೇ ಹರಿದುಬಂದ ದೋಷವೆಂದು ಅದರ ತೀರ್ಮಾನ.

ಅವನ ಕಿವಿ ಬಿಸಿಯಾಯಿತು. ಅವನ ಅಪ್ಪ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಾಗ ಜಟ್ಟೆಪ್ಪನಿಗೆ ಹದಿನಾಲ್ಕು ವರ್ಷ. ಹುಟ್ಟಿನ ಮಾತು, ರಕ್ತದ ಮಾತು ಎತ್ತಿದವರ ಮುಂದೆ ಇನ್ನು ತಲೆ ತಗ್ಗಿಸಬೇಡ ಎಂದು ಅಪ್ಪ ಅಂದು ಹೇಳಿದ್ದ. ಇಲ್ಲಿ ಅದೇ ಮಾತು ನುಣುಪಾದ ಕಾಗದದ ಮೇಲೆ, ದೊಡ್ಡ ಸಂಘದ ಮುದ್ರೆ ಹೊತ್ತು ಕೂತಿತ್ತು.

ಕೊನೆಯ ಪುಟದಲ್ಲಿ ಬರೆದವರ ಹೆಸರು: ಡಾಕ್ಟರ್ ಪಾಂಡುರಂಗ ಹೆಬ್ಳೀಕರ್. ಬೆಳಿಗ್ಗೆ ಭರಣಿ ಹಿಡಿದು ನಿಂತಿದ್ದ ಅದೇ ಮನುಷ್ಯ.

"ಇವರು ಇಲ್ಲಿಗೆ ಬಂದಿದ್ರೇನು?"

"ಎರಡು ದಿವಸ ಇದ್ರು. ಯಾರಿಗೆ ಯಾರು ಏನಾಗಬೇಕು ಅಂತ ಕೇಳಿ ಬರಕೊಂಡ್ರು. ಏನ ಉಂತೀರಿ ಅಂತ ಕೇಳಲಿಲ್ಲ. ಅದನ್ನ ಕೇಳಿದಾವ್ರು ನಮ್ಮ ತ್ರ್ಯಂಬಕ ಡಾಕ್ಟರ್ ಒಬ್ಬರ."

ಅವಳು ಮೊರವನ್ನು ಬದಿಗಿಟ್ಟು ಧ್ವನಿ ತಗ್ಗಿಸಿದಳು.

"ಸಾಹೇಬ್ರ, ನಮ್ಮ ಮನಿಯಾವ್ರು ಈ ಕೇರ್ಯಾಗ ಹುಟ್ಟಿದಾವ್ರಲ್ರಿ."

"ಮತ್ತ?"

"ನಮ್ಮ ಮಾವ ಹಗ್ಗ ಮಾರಾಕ ಕಿತ್ತೂರ ಸಂತಿಗೆ ಹೋಗಿದ್ದ. ದೊಡ್ಡ ರಸ್ತೆ ಬಾಜೂಕ ಎರಡು ವರ್ಷದ ಕೂಸು ಅಳಕೋತ ಕುಂತಿತ್ತಂತ. ಸಂಜಿ ತನಕ ಕಾದ್ರೂ ಕೇಳಾವ್ರು ಬರಲಿಲ್ಲ. ಹೆಗಲ ಮ್ಯಾಲ ಕುಂಡರಿಸಿಕೊಂಡು ಬಂದ. ಮಕ್ಕಳಿರಲಿಲ್ಲ, ತಮ್ಮದ ಅಂತ ಸಾಕಿದ್ರು. ಅತ್ತಿ ಸಾಯೂಮುಂದ ನನಗೊಬ್ಬಾಕಿಗೆ ಹೇಳಿದ್ಲು. ಇವರಿಗೂ ನಾ ಹೇಳಿರಲಿಲ್ಲ. ಯಾಕ ಹೇಳಿ ಅವರ ಮನಸ್ಸು ನೋಯಸೂದು?"

"ಡಾಕ್ಟರ್‌ಗೆ ಹೇಳಿದಿ?"

"ಇವರು ತೀರಿಕೊಂಡ ದಿವಸ ಹೇಳಿದೆ. ಕುಂತಾವ್ರು ಎದ್ದು ನಿಂತ್ರು ನೋಡ್ರಿ. 'ಸುಂದರವ್ವಾ, ಇಂವ ನಿಮ್ಮ ರಕ್ತದಾಂವ ಅಲ್ಲಂದ್ರ, ನಿಮಗಾದ ಬ್ಯಾನೀನ ಇವಗೂ ಆಗಿದ್ದು ಹ್ಯಾಂಗ? ಇದು ರಕ್ತದಾಗಿಲ್ಲ, ನೀವೆಲ್ಲಾ ಕೂಡಿ ಉಂಡದ್ದರಾಗ ಐತಿ' ಅಂದ್ರು. ಅದಕ್ಕ ಅವರ ಮಿದುಳು ಕೇಳಿದ್ರು. ಕೊಟ್ಟೆ. ಮಂದಿ ನನಗ ಹುಚ್ಚಿ ಅಂದ್ರು."

ಜಟ್ಟೆಪ್ಪನಿಗೆ ಈಗ ಹನ್ನೊಂದನೆಯ ಭರಣಿಯ ಬೆಲೆ ತಿಳಿಯಿತು. ಹನ್ನೆರಡರಲ್ಲಿ ಈ ಕೇರಿಯ ರಕ್ತವಿಲ್ಲದೆ ಈ ಕೇರಿಯ ಬೇನೆ ಬಂದ ಮನುಷ್ಯ ಒಬ್ಬನೇ. ಅವನ ಬೆನ್ನುಹುರಿಯಲ್ಲೂ ಅದೇ ಹಾನಿ ಕಂಡರೆ, ಆ ನುಣುಪು ಕಾಗದದ ವರದಿ ಹರಿದು ಹೋಗುತ್ತಿತ್ತು.

"ಕೂಡಿ ಉಂಡದ್ದು ಅಂದ್ರ ಏನು?"

"ಬ್ಯಾಳಿ ಅಂತಿದ್ರು. ಕಾಲುವಿ ಕೆಲಸದಾಗ ಬೈಲಹೊಂಗಲದ ಪರಪ್ಪ ಗುತ್ತಿಗೆದಾರ್ರು ಕೂಲಿ ಜೋಡಿ ಬ್ಯಾಳಿ ಕೊಡತಿದ್ರು. ಮಳಿ ಇಲ್ಲದ ವರ್ಷ, ಮೂರು ಹೊತ್ತೂ ಅದ ಆಗಿತ್ರಿ. ತೊಗರಿ ಅಂತ ತಿಳಕೊಂಡು ಉಂಡ್ವಿ. ಅದರಾಗ ಕೇಸರಿ ಬ್ಯಾಳಿ ಬೆರಸ್ಯಾರ, ಅದನ್ನ ದಿನಾ ಉಂಡ್ರ ಕಾಲು ಸೆಟೀತಾವು ಅಂತ ಡಾಕ್ಟರ್ ಹೇಳಿದ್ರು. ಹೋದ ರವಿವಾರ ಪರಪ್ಪ ಬಂದಿದ್ನ್ರಿ. 'ನಿನ್ನ ಗಂಡನ ತಲಿ ಎಲ್ಲಿಟ್ಟಾರ?' ಅಂತ ಕೇಳಿದಾ. ಹಿಂಗ ಕೇಳಿದ್ನಪ್ಪಾ ಅಂತ ಡಾಕ್ಟರ್‌ಗೆ ಹೇಳಿ ಕಳಿಸಿದೆ. ಮಂಗಳವಾರ ಹೊತ್ತು ಮುಳುಗೂಮುಂದ ಡಾಕ್ಟರ್ ತಾವ ಬಂದ್ರು. ಅದ ಕಡೀ ಸರ್ತಿ."

"ಯಾಕ ಬಂದಿದ್ರು?"

ಸುಂದರವ್ವ ಅವನ ಸಮವಸ್ತ್ರವನ್ನು, ಆಮೇಲೆ ಅವನ ಮುಖವನ್ನು ನೋಡಿದಳು. ಕೊನೆಗೆ ಎದ್ದು ಒಳಗೆ ನಡೆದಳು. ಜಟ್ಟೆಪ್ಪ ತಲೆ ಬಾಗಿಸಿ ಹಿಂದೆಯೇ ಹೋದ.

ಒಳಮನೆಯ ಮೂಲೆಯಲ್ಲಿ ಎದೆಯೆತ್ತರದ ಬಿದಿರಿನ ಕಣಜ. ಅರ್ಧ ಜೋಳ ತುಂಬಿತ್ತು.

"ಅವರು ಇಲ್ಲೇ ಅದಾರ್ರಿ," ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತೋಳು ಮಡಚಿ ಜೋಳದೊಳಗೆ ಕೈ ಇಳಿಸಿದ. ಮೊಣಕೈವರೆಗೆ ಇಳಿದಾಗ ಬೆರಳಿಗೆ ತಣ್ಣನೆಯ ಗಾಜು ತಾಗಿತು. ಮೆಲ್ಲಗೆ ಎತ್ತಿ ಹಿಡಿದ. ಮುಚ್ಚಳಕ್ಕೆ ಮೇಣ ಹಚ್ಚಿತ್ತು. ಒಳಗಿನ ಬಟ್ಟೆಯ ಪಟ್ಟಿಯ ಮೇಲೆ ಪೆನ್ಸಿಲ್‌ನ ದುಂಡು ಅಕ್ಷರ ಒಂದಿಷ್ಟೂ ಮಾಸಿರಲಿಲ್ಲ: "೧೧. ದುರ್ಗಪ್ಪ, ಸಾಲಹಳ್ಳಿ."

"ಡಾಕ್ಟರ್ ತಾವ ತಂದಿಟ್ಟ್ರು. 'ಕಪಾಟಿನ್ಯಾಗ ಬ್ಯಾರೇದೊಂದು ಇಟ್ಟು ಬಂದೇನಿ. ಯಾರ ಕೇಳಿದ್ರೂ ಕೊಡಬ್ಯಾಡ' ಅಂದ್ರು. ಚನ್ನವ್ವಗೂ ಹೇಳಿಲ್ರಿ." ಅವಳು ಸೆರಗಿನಿಂದ ಗಾಜಿನ ಮೇಲಿನ ಧೂಳು ಒರೆಸಿದಳು. "ಮುಂಜಾನೆ ರೊಟ್ಟಿ ಬಡದ ಕೂಡಲೆ ಮೊದಲನೇದ್ದು ಈ ಕಣಜದ ಮುಂದ ಇಡತೇನಿ. ತಪ್ಪಾಗತೈತೇನ್ರಿ?"

ಜಟ್ಟೆಪ್ಪ ತಲೆಯಾಡಿಸಿದ. "ಇಲ್ಲವ್ವಾ," ಎಂದ.

ಪಂಚನಾಮೆ ಮಾಡಿ ಭರಣಿಯನ್ನು ಠಾಣೆಗೆ ಒಯ್ಯುವುದು ಅವನ ಕರ್ತವ್ಯ. ಆದರೆ ಕೊಠಡಿಯ ಕೀಲಿ ಮುರಿದವನಿಗೆ ಠಾಣೆಯ ಕೀಲಿ ಎಷ್ಟರದು? ಅವನು ಭರಣಿಯನ್ನು ಎಲ್ಲಿತ್ತೋ ಅಲ್ಲೇ ಇಳಿಸಿ, ಮೇಲೆ ಜೋಳ ಎಳೆದ.

* * *

ರಾಮದುರ್ಗಕ್ಕೆ ಮರಳುವಾಗ ನಾಲ್ಕೂವರೆ. ತೊರಗಲ್ಲರ ಮನೆಯ ಕಟ್ಟೆಯಿಂದ ಲಕ್ಕಪ್ಪ ಓಡಿಬಂದ.

"ಸಾಹೇಬ್ರ, ನಿಮ್ಮ ಅಂದಾಜು ಖರೆ ಆತ್ರಿ. ಪಾಂಡುರಂಗರಾವ್ ಅಂತ ಬಂಗಲೆ ಪುಸ್ತಕದಾಗ ಹೆಸರೈತಿ. ಮಂಗಳವಾರ ಮಧ್ಯಾಹ್ನ ಇಳದು ಗುರುವಾರ ಮುಂಜಾನೆ ಬಿಟ್ಟಾರಂತ. ನಡುವ ಯಾರೋ ಒಬ್ಬರು ಭೇಟಿಗೆ ಬಂದಿದ್ರು, ಎರಡು ಚಹಾ ಕೊಟ್ಟೇನಿ ಅಂದಾ ಅಲ್ಲಿಯ ಕಾವಲುಗಾರ."

"ಬೈಲಹೊಂಗಲ ಠಾಣೆಗೂ ಫೋನ್ ಹಚ್ಚು. ಪರಪ್ಪ ಗುತ್ತಿಗೆದಾರ ಅಂತ, ನನಗ ಅಂವಾ ಬೇಕು."

ಜಟ್ಟೆಪ್ಪ ಎರಡೆರಡು ಮೆಟ್ಟಿಲು ಏರಿದ. ಪಾಂಡುರಂಗರಾಯರು ಭರಣಿಗಳಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು.

"ಅವನ್ನ ಕೆಳಗಿಡ್ರಿ ಡಾಕ್ಟರ್. ಕುಂಡ್ರಿ."

ಅವನ ಧ್ವನಿ ಕೇಳಿ ರಾಯರು ಕುಳಿತರು. ಜಟ್ಟೆಪ್ಪ ಸಂಘದ ಪುಸ್ತಿಕೆಯನ್ನು ಮೇಜಿನ ಮೇಲೆ ಹಾಕಿದ.

"ಇದು ನೀವು ಬರದದ್ದು."

"ಹೌದು."

"ಎರಡು ದಿವಸ ಸಾಲಹಳ್ಳ್ಯಾಗ ಇದ್ದು ಒಂದು ಊರಿನ ರಕ್ತಕ್ಕ ಹೆಸರಿಟ್ಟು ಹೋದ್ರಿ. ಅದು ಸುಳ್ಳು ಅಂತ ತೋರಿಸೂ ಭರಣಿ ಒಂದ ಇತ್ತು. ಆ ಭರಣಿ ಇಟ್ಟುಕೊಂಡಾಂವ ಹೊಳ್ಯಾಗ ಹೆಣ ಆದ. ಅವತ್ತು ನೀವು ಇಲ್ಲಿಂದ ಒಂದು ತಾಸಿನ ಹಾದೀ ಮ್ಯಾಲ, ಸವದತ್ತ್ಯಾಗ ಇದ್ರಿ. ನನಗ ಇಲ್ಲಾ ಅಂದ್ರಿ."

ರಾಯರ ಮುಖ ಬಿಳಿಚಿತು.

"ಸುಳ್ಳು ಹೇಳಿದೆ. ಅಂಜಿ ಹೇಳಿದೆ."

"ಯಾರಿಗೆ ಅಂಜಿ?"

"ನಿಮಗ!" ರಾಯರ ಧ್ವನಿ ಒಡೆಯಿತು. "ಅವನನ್ನ ಕಡೀಗೆ ನೋಡಿದಾಂವ ನಾನು. ಅವನ ಸಂಶೋಧನೆಯಿಂದ ಮಾನ ಹೋಗೂದು ನಂದು. ಇಷ್ಟು ಗೊತ್ತಾದ ಮ್ಯಾಲ ನೀವು ಇನ್ನೊಬ್ಬನ್ನ ಹುಡುಕತಿದ್ರೇನು?"

"ಈಗೂ ಹುಡುಕೂ ಕಾರಣ ಏನೂ ಕಾಣಸ್ತಿಲ್ಲ."

ರಾಯರು ಎದ್ದರು. ಜಟ್ಟೆಪ್ಪನ ಕೈ ಸೊಂಟಕ್ಕೆ ಹೋಯಿತು. ಆದರೆ ಅವರು ಚರ್ಮದ ಚೀಲದ ಒಳಜೇಬಿನಿಂದ ತೆಗೆದದ್ದು ಮಡಚಿದ ಕಾಗದಗಳ ಕಟ್ಟು.

"ಇದು ತ್ರ್ಯಂಬಕನ ಪ್ರಬಂಧ. ಇಷ್ಟು ದಿನ ನೀವು ಹುಡುಕಿದ್ದು. ಅವನ ಕೈಲೆನ ನನಗ ಕೊಟ್ಟಾ. ಮ್ಯಾಲಿನ ಹಾಳಿ ಓದ್ರಿ."

ಮೇಲಿನದು ಸಂಘದ ಅಧ್ಯಕ್ಷರಿಗೆ ಬರೆದ ಪತ್ರ. ಸಾಲಹಳ್ಳಿಯ ಕಾಲುಬೇನೆ ವಂಶದ ದೋಷವಲ್ಲ, ಆಹಾರದ ವಿಷ. ಹಿಂದಿನ ವರದಿ ತಪ್ಪು. ಅದನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಬೇಕು. ಕೆಳಗೆ ಎರಡು ರುಜು. ಒಂದು ತ್ರ್ಯಂಬಕರದು. ಇನ್ನೊಂದು ಪಾಂಡುರಂಗರಾಯರದು.

ಜಟ್ಟೆಪ್ಪ ಎರಡು ಸಲ ಓದಿದ.

"ನಿಮ್ಮ ವರದಿ ತಪ್ಪು ಅಂತ ನೀವ ರುಜು ಹಾಕೀರಿ."

"ಹಾಕಬೇಕಾತು. ರಾಮದುರ್ಗಕ್ಕ ಬರಬ್ಯಾಡ, ನನ್ನ ಕೊಠಡಿ ಮ್ಯಾಲ ಒಬ್ಬ ಕಣ್ಣಿಟ್ಟಾನ, ಸವದತ್ತಿಗೆ ಬಾ ಅಂತ ಬರದಿದ್ದಾ. ಜಗಳಾಡಲಿಕ್ಕೆ ತಯಾರಾಗಿನ ಬಂದಿದ್ದೆ. ಅಂವಾ ಜಗಳಾಡಲಿಲ್ಲ. ದುರ್ಗಪ್ಪನ ಕಥಿ ಹೇಳಿದಾ. ಆಮ್ಯಾಲ ಒಂದ ಪ್ರಶ್ನಿ ಕೇಳಿದಾ: 'ಪಾಂಡು, ಆ ಕೇರ್ಯಾಗ ಎಷ್ಟು ಹುಡುಗೇರ ಲಗ್ನ ನಿಂತಾವ, ಗೊತ್ತದ ಏನು ನಿನಗ?' ನನಗ ಗೊತ್ತಿರಲಿಲ್ಲ." ರಾಯರು ಕಣ್ಣೊರೆಸಿಕೊಂಡರು. "ಗುರುವಾರ ಧಾರವಾಡದಿಂದ ಸಂಘಕ್ಕ ಫೋನ್ ಮಾಡಿದೆ. ತ್ರ್ಯಂಬಕ ಹೊಳೀಗೆ ಬಿದ್ದು ಹೋದಾ ಅಂದ್ರು. ಭರಣಿನಾದರೂ ಉಳಸೋಣ ಅಂತ ಬಂದೆ. ಅಷ್ಟರಾಗ ಹನ್ನೊಂದನೇದ್ದನ್ನ ಯಾರೋ ಬದಲಿ ಮಾಡಿದ್ರು."

"ಬದಲಿ ಮಾಡಿದಾವ್ರು ತ್ರ್ಯಂಬಕ ಡಾಕ್ಟರ."

"ಆಂ?"

"ಖರೇದ್ದು ಸುರಕ್ಷಿತ ಐತಿ. ಎಲ್ಲಿ ಅಂತ ಕೇಳಬ್ಯಾಡ್ರಿ."

ರಾಯರು ಕಪಾಟಿನತ್ತ ನೋಡಿದರು. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. "ಅದಕ್ಕ ಮಸೀಲೆ ಬರದಾನ! ಬ್ಯಾರೆಯವರಿಗೆ ಏನೂ ತಿಳೀಬಾರದು, ನಮ್ಮ ಸಂಘದವರು ಯಾರರ ಬಂದ್ರ ಇದು ಖೊಟ್ಟಿ ಅಂತ ಒಂದ ನೋಟಕ್ಕ ತಿಳೀಬೇಕು."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಲಕ್ಕಪ್ಪ ತಲೆ ಹಾಕಿದ.

"ಸಾಹೇಬ್ರ, ಪರಪ್ಪ ಗುತ್ತಿಗೆದಾರ ಮಂಗಳವಾರ ಮನಿ ಬಿಟ್ಟಾಂವ ತಿರುಗಿ ಬಂದಿಲ್ಲಂತ. ಅವರ ಮನಿಯಾವ್ರ ಠಾಣೆಕ ಬಂದು ಕುಂತಾರಂತ."

ಓಡಿಹೋಗಿದ್ದಾನೆ ಎಂದುಕೊಂಡ ಜಟ್ಟೆಪ್ಪ. ಮಂಗಳವಾರ ಬಂದ, ಕೊಠಡಿಯ ಕೀಲಿ ಮುರಿದ, ತ್ರ್ಯಂಬಕರನ್ನು ಹೊಳೆಗೆ ನೂಕಿದ, ಓಡಿಹೋದ. ಎಲ್ಲವೂ ಕೂಡಿಬಂತು. ಹೇಳಿಕೆ ಬರೆದುಕೊಳ್ಳಲು ಡೈರಿ ತೆರೆದ.

"ನಿಮ್ಮಿಬ್ಬರ ಭೇಟಿ ಆಗಿದ್ದು ಮಂಗಳವಾರ ಎಷ್ಟು ಗಂಟೇಕ?"

"ಮಂಗಳವಾರ ಅಲ್ಲ. ಬುಧವಾರ. ಸಂಜೀ ನಾಲ್ಕು ಗಂಟೇಕ."

ಜಟ್ಟೆಪ್ಪನ ಪೆನ್ನು ನಿಂತಿತು.

"ಇನ್ನೊಮ್ಮೆ ಹೇಳ್ರಿ."

"ಬುಧವಾರ, ನಾಲ್ಕಕ್ಕ. ಮಂಗಳವಾರ ಇಡೀ ಸಂಜಿ ಕಾದೆ, ಬರಲಿಲ್ಲ. ಮರುದಿನ ಬಂದಾ. ಪತ್ರದ ಮ್ಯಾಲ ತಾರೀಖು ಅದ ನೋಡ್ರಿ, ಅವನ ಬರದದ್ದು."

ಪತ್ರದ ಮೂಲೆಯಲ್ಲಿ ಅದೇ ದುಂಡು ಅಕ್ಷರ: ೫ ಡಿಸೆಂಬರ್ ೧೯೭೩.

"ಹ್ಯಾಂಗಿದ್ರು?"

"ದಣಿದಿದ್ದಾ. ಯಾರದೋ ಹಳೇ ಶಾಲು ಹೊದ್ದಿದ್ದಾ. ಕನ್ನಡಕ ಇರಲಿಲ್ಲ, ಹೋತು ಅಂದಾ. ರುಜು ಹಾಕಲಿಕ್ಕೆ ನಂದ ಕೊಟ್ಟೆ. ದುರ್ಗಪ್ಪ ಸಿಕ್ಕಿದ್ದಕ್ಕ ಸಾಕ್ಷಿ ಹುಡುಕಬೇಕು ಅಂತ ಕಿತ್ತೂರಿಗೆ ಹ್ವಾದಾ. ಯಾಕ ಹಿಂಗ ನೋಡತೀರಿ? ಅಂವಾ ಸತ್ತದ್ದು ಅವತ್ತ ರಾತ್ರಿ ಅಲ್ಲೇನು?"

ಜಟ್ಟೆಪ್ಪನ ಕಣ್ಣ ಮುಂದೆ ಬುಧವಾರದ ಹನ್ನೊಂದು ಗಂಟೆ ನಿಂತಿತ್ತು. ಹೊಳೆದಂಡೆ. ಬಂಡೆಗೆ ಬಡಿದು ಗುರುತು ಸಿಗದಂತಾದ ಮುಖ. ತ್ರ್ಯಂಬಕರ ಕೋಟು, ತ್ರ್ಯಂಬಕರ ಕೈಗಡಿಯಾರ, ಕೋಟಿನ ಜೇಬಿನಲ್ಲಿ ತ್ರ್ಯಂಬಕರ ಕನ್ನಡಕ. ಮಥುರಾಬಾಯಿ ಓಡಿಬಂದು ಹೆಣದ ಮೇಲೆ ಶಾಲು ಹೊದಿಸಿದ್ದರು. "ನನ್ನ ತಮ್ಮನ್ನ ಕೊಯ್ಯಬ್ಯಾಡ್ರಿ. ಇನ್ನ ಯಾರೂ ಮುಟ್ಟಬ್ಯಾಡ್ರಿ, ನಮ್ಮವರು ಬರತಾರ" ಎಂದಿದ್ದರು.

ಮುಟ್ಟಬೇಡಿ ಎಂಬ ಒಂದು ಮಾತಿಗೆ ಅವನು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದ. ಮೈಮೇಲೆ ಸಮವಸ್ತ್ರವಿತ್ತು, ಕೈಯಲ್ಲಿ ಅಧಿಕಾರವಿತ್ತು. ಆದರೂ ಕಾಲು ತಾವಾಗಿಯೇ ಸರಿದಿದ್ದವು, ಅವನಿಗಿಂತ ಹಳೆಯ ರೂಢಿಯಲ್ಲಿ. ಶಾಲು ಎತ್ತಿ ನೋಡಲಿಲ್ಲ. ಎದೆಯ ಮೇಲೆ ಜನಿವಾರವಿದೆಯೇ ಎಂದು ನೋಡಲಿಲ್ಲ. ಕೊಯ್ಯಿಸದೆ ಹೆಣ ಬಿಟ್ಟುಕೊಟ್ಟ. ಅಂದು ಸಂಜೆಯೇ ಸುಟ್ಟರು.

ಬಾಗಿಲಲ್ಲಿ ಪಿಂಗಾಣಿಯ ಸದ್ದಾಯಿತು.

ಮಥುರಾಬಾಯಿ ಚಹಾದ ತಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಜಟ್ಟೆಪ್ಪ ನಡೆದು ಹೋಗಿ ಅವರ ಎದುರಿಗೇ ನಿಂತ. ಈ ಸಲ ಒಂದು ಹೆಜ್ಜೆಯನ್ನೂ ಬಿಡಲಿಲ್ಲ.

"ಬಾಯಾರ, ಬುಧವಾರ ನೀವು ನನ್ನ ಮುಂದ ಅತ್ತ್ರಿ. ಅದು ಸುಳ್ಳ ಅಳು ಆಗಿರಲಿಲ್ಲ. ನಾ ಹತ್ತು ವರ್ಷದಿಂದ ಅಳಾವ್ರನ್ನ ನೋಡಕೋತ ಬಂದೇನಿ. ಹೇಳ್ರಿ, ಶಾಲಿನ ಕೆಳಗ ಇದ್ದಾಂವ ಯಾರು?"

ಮಥುರಾಬಾಯಿ ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡರು. ಕಣ್ಣಲ್ಲಿ ನೀರಿರಲಿಲ್ಲ.

"ಅತ್ತದ್ದು ಖರೇನ, ಸಾಹೇಬ್ರ," ಎಂದರು. "ಆದರ ಸತ್ತ ಪರಪ್ಪನ ಸಲುವಾಗಿ ಅಲ್ಲ. ಅವನನ್ನ ಹೊಳೀಗೆ ನೂಕಿದ ನನ್ನ ತಮ್ಮನ ಸಲುವಾಗಿ."